ಅಂಗಡಿಯ ಹೆಸರು ಯಾರ ಹೆಸರಿನಲ್ಲಿದೆ?

ಕಳೆದ ದೀಪಾವಳಿಗೆ ಸ್ವಲ್ಪ ಮುಂಚೆ ಶಿರಸಿಯಿಂದ ಚಿಕ್ಕಮ್ಮ ಫೋನ್ ಮಾಡಿದಳು. "ತಮಾ, ಇದೆಂತಾ ಆತು ನೋಡು" ಎಂದು ಒಂದು ಫೋಟೋ ಕಳಿಸಿದಳು. ಪುಣೆಯ ಗಿರಾಕಿಯೊಬ್ಬರು ಅವಳು ಮಾರುವ ಹಲಸಿನ ಹಪ್ಪಳದ ಕವರಿನ ಮೇಲಿದ್ದ ವೆಬ್‌ಸೈಟ್ ತೆರೆದಿದ್ದರಂತೆ. ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಕಾಣಬೇಕಾದ ಕಡೆ ಜೂಜಿನ ಆಟದ ಜಾಹೀರಾತು!

ಮೂರು ವರ್ಷದ ಹಿಂದೆ ಒಬ್ಬ ಹುಡುಗ 18 ಸಾವಿರ ರೂಪಾಯಿ ತೆಗೆದುಕೊಂಡು ಆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಡೊಮೇನ್ ಹೆಸರನ್ನು, ಅಂದರೆ ಆಗಾಗ ಹಣ ಕಟ್ಟಿ ಉಳಿಸಿಕೊಳ್ಳಬೇಕಾದ ವೆಬ್ ವಿಳಾಸವನ್ನು, ತನ್ನ ಈಮೇಲ್, ತನ್ನ ಫೋನ್ ನಂಬರ್ ಕೊಟ್ಟು ಬರೆಸಿಕೊಂಡಿದ್ದ. ಮೋಸ ಮಾಡುವ ಉದ್ದೇಶ ಇರಲಿಲ್ಲ, ಹಾಗೆ ಮಾಡಿದರೆ ಬೇಗ ಮುಗಿಯುತ್ತದೆ ಅಷ್ಟೆ. ಆಮೇಲೆ ಅವನು ಬೇರೆ ಕೆಲಸಕ್ಕೆ ಹೋದ. ನಂಬರ್ ಬದಲಾಯಿತು. ಹಣ ಕಟ್ಟಿ ಎಂಬ ಸಂದೇಶಗಳು ಯಾರೂ ನೋಡದ ಈಮೇಲ್‌ಗೆ ಬಂದು ಬಿದ್ದವು. ಅವಧಿ ಮುಗಿಯಿತು, ಆ ಹೆಸರನ್ನು ಇನ್ಯಾರೋ ಕೊಂಡರು. ಚಿಕ್ಕಮ್ಮನ ಹತ್ತಿರ ಅದೇ ಹೆಸರು ಅಚ್ಚಾದ 2 ಸಾವಿರ ಕವರ್ ಇತ್ತು.

ನಾನಿರುವುದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಇಲ್ಲಿಯ ಸಣ್ಣ ಅಂಗಡಿಯವರು ಹೇಗೆ ಮಾಡಿಕೊಂಡಿದ್ದಾರೆ ನೋಡೋಣ ಎಂದು ಅವತ್ತು ರಾತ್ರಿ ನಮ್ಮ ಬೀದಿಯ ಸೈಕಲ್ ರಿಪೇರಿ ಅಂಗಡಿಯ ವೆಬ್‌ಸೈಟ್ ತೆರೆದು ಕೂತೆ. ಒಂದೇ ಪುಟ. ಮೇಲೆ ಅಂಗಡಿಯ ಫೋಟೋ, ಅದೂ ಸ್ವಲ್ಪ ಮಸುಕು. ಕೆಳಗೆ ಬಾಗಿಲು ತೆರೆಯುವ ವೇಳೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ ಊಟದ ವಿರಾಮ. ಆಗಸ್ಟ್‌ನಲ್ಲಿ ಮೂರು ವಾರ ರಜೆ, ಯಾವ ದಿನದಿಂದ ಯಾವ ದಿನದವರೆಗೆ ಎಂದು ದಪ್ಪ ಅಕ್ಷರದಲ್ಲಿ. ಟ್ಯೂಬ್ ಬದಲಿಸಲು ಎಷ್ಟು, ಬ್ರೇಕ್ ಸರಿ ಮಾಡಲು ಎಷ್ಟು ಎಂಬ ದರಪಟ್ಟಿ. ತೀರಾ ಕೆಳಗೆ 'ಇಂಪ್ರೆಸ್ಸುಮ್' ಎಂಬ ಒಂದು ಕೊಂಡಿ.

ಈ ಇಂಪ್ರೆಸ್ಸುಮ್ ಬಗ್ಗೆ ಸ್ವಲ್ಪ ಹೇಳಬೇಕು. ವ್ಯಾಪಾರದ ವೆಬ್‌ಸೈಟ್ ಇರುವ ಯಾರೇ ಆಗಲಿ, ತಮ್ಮ ಪೂರ್ತಿ ಹೆಸರು, ಮನೆ ಅಥವಾ ಅಂಗಡಿಯ ವಿಳಾಸ, ಈಮೇಲ್ ಅದರಲ್ಲಿ ಹಾಕಲೇಬೇಕು. ಅಂಚೆಪೆಟ್ಟಿಗೆ ಸಂಖ್ಯೆ ಹಾಕಿದರೆ ನಡೆಯುವುದಿಲ್ಲ. ಇದು ಇಲ್ಲಿಯ ಕಾನೂನು. 2024ರ ಮೇ ತಿಂಗಳಿಂದ ಹೊಸ ಡಿಜಿಟಲ್ ಸೇವೆಗಳ ಕಾಯ್ದೆಯಡಿ ಬರುತ್ತದೆ. ತಪ್ಪಿದರೆ 50 ಸಾವಿರ ಯೂರೋವರೆಗೆ ದಂಡ ಹಾಕಲು ಅವಕಾಶವಿದೆ. ಅದಕ್ಕಿಂತ ಜಾಸ್ತಿ ಹೆದರಿಕೆ, ಈ ತಪ್ಪು ಹಿಡಿದು ಪೈಪೋಟಿಯ ಅಂಗಡಿಯವನು ಕಳಿಸುವ ವಕೀಲರ ನೋಟಿಸಿನದು. ಹೀಗೆ ವೆಬ್‌ಸೈಟಿನ ಹೊಣೆ ತಮ್ಮ ಹೆಸರಲ್ಲೇ ಇರುವುದರಿಂದ ಸೈಕಲ್ ಅಂಗಡಿಯವರೂ ಬೇಕರಿಯವರೂ ಡೊಮೇನ್ ಕೂಡ ತಮ್ಮ ಹೆಸರಲ್ಲಿದೆಯೇ ಎಂದು ನೋಡಿಕೊಳ್ಳುವುದು ಸಹಜ. ಅದು ಅವರಿಗೆ ಅಂಗಡಿ ಮುಂದಿನ ಬೋರ್ಡು ಇದ್ದ ಹಾಗೆ. ನಮ್ಮಲ್ಲಿ ಅದು ಮದುವೆಯ ಶಾಮಿಯಾನ ಆಗಿಬಿಟ್ಟಿದೆ. ಯಾರೋ ಬಂದು ಕಟ್ಟುತ್ತಾರೆ, ಚಂದ ಕಾಣುತ್ತದೆ, ಗಳ ಬಟ್ಟೆ ಎಲ್ಲ ಅವರದೇ.

ನಮ್ಮಲ್ಲಿ ಕಾನೂನು ಇಲ್ಲ ಎಂದಲ್ಲ. 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್‌ನಲ್ಲಿ ಮಾರುವವರು ತಮ್ಮ ಹೆಸರು, ವಿಳಾಸ, ದೂರು ಕೇಳುವವರ ವಿವರ ತೋರಿಸಲೇಬೇಕು. ಹಪ್ಪಳದ ಕವರಿನ ಮೇಲೆ ಚಿಕ್ಕಮ್ಮ ಹೆಸರು, ಊರು, ತೂಕ, ಬೆಲೆ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಎಲ್ಲ ತಪ್ಪದೆ ಹಾಕುತ್ತಾಳೆ. ಅದೇ ಐದು ಸಾಲು ವೆಬ್‌ಸೈಟಿನಲ್ಲಿ ಇರಲಿಲ್ಲ. ಅಲ್ಲಿ ಇದ್ದದ್ದು ಇಂಗ್ಲಿಷಿನಲ್ಲಿ ಬರೆದ ದೊಡ್ಡ ದೊಡ್ಡ ಮಾತು, ಮತ್ತು ಯಾವುದೋ ವಿದೇಶಿ ಅಡುಗೆಮನೆಯ ಚಿತ್ರ.

ನನಗೆ ತುಂಬ ಬೇಜಾರಾಗುವುದು ಈ ಭಾಷೆಯ ವಿಷಯಕ್ಕೆ. ಸೈಕಲ್ ಅಂಗಡಿಯ ಪುಟ ಪೂರ್ತಿ ಜರ್ಮನ್‌ನಲ್ಲಿದೆ. ಈ ಊರಿನಲ್ಲಿ ನಮ್ಮಂಥ ಹೊರಗಿನವರು ಎಷ್ಟೋ ಜನ ಇದ್ದೇವೆ. ಆದರೂ ಅವರು ಮೊದಲು ಬರೆದದ್ದು ತಮ್ಮ ಬೀದಿಯವರಿಗೆ. ಚಿಕ್ಕಮ್ಮನ ಗಿರಾಕಿಗಳು ಹುಬ್ಬಳ್ಳಿ, ಬೆಂಗಳೂರು, ಪುಣೆ, ಮುಂಬೈಯ ಕನ್ನಡದವರು. 'ಅಪ್ಪೆಮಿಡಿ' ಎಂಬ ಮಾತು ಕೇಳಿದರೇ ಅವರ ಬಾಯಲ್ಲಿ ನೀರೂರುತ್ತದೆ. ಅದನ್ನು ಬಿಟ್ಟು 'ಆರ್ಟಿಸನಲ್ ಟೆಂಡರ್ ಮ್ಯಾಂಗೋ' ಎಂದು ಬರೆದರೆ ಯಾರಿಗೆ ಏನು ನೆನಪಾಗಬೇಕು, ಹೇಳಿ? ಇಂಗ್ಲಿಷ್ ಇರಲಿ, ಬೇಕು. ಕನ್ನಡ ಮೇಲಿರಲಿ. ವೆಬ್ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ, ಕೊನೆಗೆ '.ಭಾರತ' ಎಂದು ಇಟ್ಟುಕೊಳ್ಳುವುದಕ್ಕೂ ಈಗ ಅವಕಾಶ ಇದೆ.

ವ್ಯಾಪಾರ ಶುರು ಮಾಡುವ ಮೊದಲು ಯಾರನ್ನು ಕೇಳುತ್ತೇವೆ ಎನ್ನುವುದರಲ್ಲೂ ವ್ಯತ್ಯಾಸ ಇದೆ. ದಾವಣಗೆರೆಯ ಗೆಳೆಯನೊಬ್ಬ ಇಲ್ಲಿ ಕೆಲಸದ ಜೊತೆಗೇ ಸಾರಿನ ಪುಡಿ ಮಾರಲು ಹೊರಟ. ವೆಬ್‌ಸೈಟ್ ಮಾಡುವವರ ಹತ್ತಿರ ಹೋಗುವ ಮೊದಲು ವಾಣಿಜ್ಯ ಮಂಡಳಿಗೆ ಹೋದ. ಹೊಸಬರಿಗೆ ಅಲ್ಲಿ ಮೊದಲ ಸಲಹೆಗೆ ದುಡ್ಡಿಲ್ಲ. ಹಿಂದಿನ ವರ್ಷದ ವಹಿವಾಟು 25 ಸಾವಿರ ಯೂರೋ ಒಳಗಿದ್ದರೆ ಮಾರಾಟ ತೆರಿಗೆ ವಸೂಲಿ ಮಾಡಬೇಕಿಲ್ಲ ಎಂದು ಹೇಳಿದರು. ಪೊಟ್ಟಣ ಕಟ್ಟಿ ಮಾರುವುದಾದರೆ 'ಲೂಸಿಡ್' ಎಂಬ ಪಟ್ಟಿಯಲ್ಲಿ ಹೆಸರು ಬರೆಸಬೇಕು, ಅದೂ ಮೊದಲ ಪೊಟ್ಟಣಕ್ಕೂ ಮುಂಚೆ ಎಂದೂ ಹೇಳಿದರು. ಅವನಿಗೆ ತಲೆನೋವಾಯಿತು ನಿಜ. ಆದರೆ ಮುಂದೆ ಏನು ಬರುತ್ತದೆ ಎಂದು ಗೊತ್ತಿತ್ತು.

ಚಿಕ್ಕಮ್ಮನಿಗೆ ಹೀಗೆ ಕೂರಿಸಿ ಹೇಳಿದವರು ಯಾರೂ ಇಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಉಪ್ಪಿನಕಾಯಿಗೆ ಇದೆ. ಕರ್ನಾಟಕದ ಒಳಗೇ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆ ಇರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಬಾಟಲಿಗೇ ನೋಂದಣಿ ಬೇಕು. ವೆಬ್‌ಸೈಟ್ ಇಟ್ಟ ಕೂಡಲೇ ಪುಣೆಯವರೂ ಚೆನ್ನೈನವರೂ ಆರ್ಡರ್ ಮಾಡುತ್ತಾರೆ ಅಲ್ವಾ? ಹಾಗಾದರೆ ವೆಬ್‌ಸೈಟ್ ಮಾಡುವ ದಿನವೇ ಈ ಮಾತು ಬರಬೇಕಿತ್ತು. ಪುಣ್ಯಕ್ಕೆ ಅವಳು ಹೊರಗೆ ಕಳಿಸಿದ್ದು ಹಪ್ಪಳ ಮಾತ್ರ.

ಇಲ್ಲಿಯದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಆ ಸೈಕಲ್ ಅಂಗಡಿಯವರು ಇವತ್ತಿಗೂ ಕಾರ್ಡ್ ತೆಗೆದುಕೊಳ್ಳುವುದಿಲ್ಲ, ನಗದೇ ಕೊಡಬೇಕು. ಈಮೇಲ್‌ಗೆ ಉತ್ತರ ಬರಲು ನಾಲ್ಕು ದಿನ. ಚಿಕ್ಕಮ್ಮ ವಾಟ್ಸ್‌ಆಪ್‌ನಲ್ಲಿ ಐದು ನಿಮಿಷಕ್ಕೆ ಉತ್ತರ ಕೊಡುತ್ತಾಳೆ, ಯುಪಿಐನಲ್ಲಿ ದುಡ್ಡು ಬಂದ ಸದ್ದು ಕೇಳಿದ ಮೇಲೆ ಪಾರ್ಸೆಲ್ ಕಟ್ಟುತ್ತಾಳೆ. ಅಕ್ಕಪಕ್ಕದ ಮನೆಯವರಿಗೆ ಕೊಟ್ಟು, ರುಚಿ ಕೇಳಿ, ಮೂರು ವರ್ಷ ಆದ ಮೇಲೆ ದೊಡ್ಡದು ಮಾಡಿದವಳು. ಅವಳ ವ್ಯಾಪಾರದ ಬುದ್ಧಿಗೆ ಯಾವ ಸಲಹೆಗಾರರೂ ಬೇಡ. ಬೇಕಾದದ್ದು ಕಾಗದಪತ್ರದಲ್ಲಿ ಜೊತೆಗೆ ನಿಲ್ಲುವ ಒಬ್ಬರು.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಇಬ್ಬರೂ ಜಗಲಿಯ ಮೇಲೆ ಕೂತು ಹೊಸ ಹೆಸರು ಕೊಂಡೆವು. ವರ್ಷಕ್ಕೆ ಸಾವಿರ ರೂಪಾಯಿ ಒಳಗೆ ಆಯಿತು, ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿದೆವು. ಖಾತೆ ಅವಳ ಹೆಸರಲ್ಲಿ, ಈಮೇಲ್ ಅವಳದು, ಒಟಿಪಿ ಬಂದದ್ದು ಅವಳ ಫೋನಿಗೆ. ಪಾಸ್‌ವರ್ಡನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ಕಪಾಟಿನಲ್ಲಿಟ್ಟಳು. ಪುಟ ಕಟ್ಟಲು ಈ ಸಲವೂ ಊರಿನ ಹುಡುಗಿಯೊಬ್ಬಳಿಗೇ ಹೇಳಿದೆವು. ಕೆಲಸ ಅವಳದು, ಬೀಗದ ಕೈ ಚಿಕ್ಕಮ್ಮನದು.

ಹಳೇ ಕವರ್ ಎಸೆಯಲು ಚಿಕ್ಕಮ್ಮನಿಗೆ ಮನಸ್ಸಿಲ್ಲ. ಹಳೇ ವಿಳಾಸದ ಮೇಲೆ ಹೊಸದರ ಸ್ಟಿಕ್ಕರ್ ಅಂಟಿಸುತ್ತಿದ್ದಾಳೆ. ಮೊನ್ನೆ ಕೇಳಿದಾಗ ಇನ್ನೂ 600 ಉಳಿದಿದೆ ಎಂದಳು.