ಮದ್ದೂರಿನ ತನಕದ ಹ್ಯಾಂಡಲ್

ಬೈಕಿಗೆ ಹೊಸ ಹ್ಯಾಂಡಲ್ ತರಲು ಹೋದಾಗ ಕಣ್ಣನ್ನು ಮಾತ್ರ ಕರೆದುಕೊಂಡು ಹೋಗಿದ್ದೆ. ಕೈಗಳನ್ನು ಒಂದು ಮಾತು ಕೇಳಲಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಾಲಾಗಿ ನೇತುಹಾಕಿದ್ದರು. ಟಗರಿನ ಕೊಂಬಿನಂಥವು, ಎಮ್ಮೆ ಕೊಂಬಿನಂಥವು, ಹಳ್ಳಿಕಾರ್ ಎತ್ತಿನ ಕೊಂಬಿನ ಹಾಗೆ ಮೇಲಕ್ಕೆದ್ದು ಹಿಂದಕ್ಕೆ ಬಾಗಿದವು. ನನಗೆ ಹಿಡಿಸಿದ್ದು ತಗ್ಗಾದ, ನೆಟ್ಟನೆಯ ಒಂದು. ಹಾಕಿಸಿಕೊಂಡು ಅಂಗಡಿಯ ಗಾಜಿನಲ್ಲಿ ನೋಡಿಕೊಂಡೆ. ರೇಸಿಗೆ ಹೊರಟವನ ಹಾಗಿದ್ದೆ. ವಯಸ್ಸು 42, ಚೂರು ಹೊಟ್ಟೆ ಬೇರೆ.

ಆ ಭಾನುವಾರ ಮೈಸೂರಿಗೆ ಹೊರಟೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅಲ್ಲಿನ ಒಂದೊಂದು ಹಂಪೂ ನೇರ ಮಣಿಕಟ್ಟಿಗೇ ಬಂತು. ಹ್ಯಾಂಡಲ್ ತಗ್ಗಾದರೆ ಮೈಭಾರ ಅಂಗೈ ಮೇಲೆ ಬೀಳುತ್ತದೆ. ಕಿರುಬೆರಳಿನ ಕಡೆ ಹೋಗುವ ನರ ಅಲ್ಲಿ ಒತ್ತುತ್ತದೆ, ಜೋಮು ಹಿಡಿಯುತ್ತದೆ. ಬಿಡದಿಯಲ್ಲಿ ಕಿರುಬೆರಳು ಮಲಗಿತು. ಚನ್ನಪಟ್ಟಣದಲ್ಲಿ ಉಂಗುರದ ಬೆರಳು. ಮದ್ದೂರಿನಲ್ಲಿ ವಡೆ ಮುರಿಯಲು ಕೆಲಸಕ್ಕೆ ಬಂದದ್ದು ಮೂರೇ ಬೆರಳು. ಅಲ್ಲಿಂದಲೇ ವಾಪಸ್.

ಎರಡನೆಯದು ಹಳ್ಳಿಕಾರ್ ಜಾತಿಯದು. ಬೆನ್ನು ನೆಟ್ಟಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಷ್ಟೆತ್ತರಕ್ಕೆ ಹಳೆಯ ಕೇಬಲ್ ಉದ್ದ ಸಾಲದು ಅಂತ ಹೊಳೆದಿರಲಿಲ್ಲ. ಮನೆ ಮುಂದೆ ಗಾಡಿ ತಿರುಗಿಸುವಾಗ ಆಕ್ಸಿಲರೇಟರ್ ಕೇಬಲ್ ಬಿಗಿದು ಇಂಜಿನ್ ತಾನಾಗಿಯೇ ಅರಚಿತು. ಎದುರು ಮನೆಯ ಅಜ್ಜಿ ರಂಗೋಲಿ ಬಟ್ಟಲು ಬಿಟ್ಟು ಒಳಗೆ ಓಡಿದರು.

ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಹತ್ತಿರ ಹೋದೆ. "ಗಾಡಿ ಮೇಲೆ ಕೂತು ಕಣ್ ಮುಚ್ಚಿ ಸಾರ್. ಭುಜ ಸಡಿಲ ಬಿಟ್ಟು ಕೈ ಚಾಚಿ" ಅಂದ. ಚಾಚಿದೆ. ಮೊಣಕೈ ಚೂರು ಬಗ್ಗಿತ್ತು. "ನೋಡಿ, ಹಿಡಿ ಇಲ್ಲಿರ್ಬೇಕು." ಅಟ್ಟಕ್ಕೆ ಎಸೆದಿದ್ದ ಕಂಪನಿ ಹ್ಯಾಂಡಲನ್ನೇ ತರಿಸಿದ. ಕೂರಿಸಿ, ಬೋಲ್ಟು ಬಿಗಿಯುವ ಮುಂಚೆ ನನ್ನ ಕಡೆಗೆ ಒಂದು ಬೆರಳಿನಷ್ಟು ಉರುಳಿಸಿದ. ಕ್ಲಚ್, ಬ್ರೇಕ್ ಲಿವರ್‌ಗಳನ್ನು ಸ್ವಲ್ಪ ಕೆಳಗೆ ತಿರುಗಿಸಿದ.

"ಇಷ್ಟೇನಾ?"

"ಇಷ್ಟೇ ಸಾರ್. ಮೊದ್ಲೇ ಬರೋದಲ್ವಾ?"

ತಗ್ಗು ಹ್ಯಾಂಡಲ್ ಈಗ ಅಡುಗೆಮನೆಯ ಗೋಡೆಯಲ್ಲಿದೆ. ಹೆಂಡತಿ ಅದಕ್ಕೆ ಸೌಟು, ಜಾಲರಿ ತೂಗುಹಾಕಿದ್ದಾಳೆ. ಎತ್ತರದ್ದನ್ನೂ ಕೊಡಿ, ಬಚ್ಚಲುಮನೆಯ ಟವೆಲ್ಲಿಗೆ ಆಗುತ್ತದೆ ಅಂತ ನಿನ್ನೆಯಿಂದ ಕೇಳುತ್ತಿದ್ದಾಳೆ.