ಗ್ಯಾಂಬಿಟ್ ಸತ್ತಿದ್ದಾನೆ, ಹಾಗೇ ಇರಲಿ ಬಿಡಿ

"ಬಿಡು ಚಿಕ್ಕಿ, ಮುಂದಿನ ಸೀಸನ್ನಿಗೆ ವಾಪಸ್ ಬರ್ತಾನೆ."

ಇಷ್ಟೇ ಅಂದ ನಮ್ಮ ಅಕ್ಕನ ಮಗ. ಬಾಯಲ್ಲಿ ಹಲಸಿನಕಾಯಿ ಚಿಪ್ಸು, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಸಾಗರದಿಂದ ರಜೆಗೆ ಬಂದ ಹುಡುಗ, ಶಿವಮೊಗ್ಗದಲ್ಲಿ ಬೋರಾಗ್ತಿದೆ ಅಂದ ಅಂತ ನಾನೇ ಕೂರಿಸಿಕೊಂಡು ತೋರಿಸಿದೆ. ನಾನು ಆಗಲೇ ನೋಡಿದ್ದೆ. ಆದರೂ ಆ ಹದಿನೈದು ನಿಮಿಷ ಬರುತ್ತಿದ್ದ ಹಾಗೆ ಸೆರಗು ರೆಡಿ ಇಟ್ಟುಕೊಂಡು ಕೂತಿದ್ದೆ, ಇವನೂ ಅಳುತ್ತಾನೆ ಅಂತ ಒಳಗೊಳಗೇ ಆಸೆ ಬೇರೆ. ಬಂದದ್ದು ಈ ಉತ್ತರ.

ನೋಡಿದ್ದು ಎಕ್ಸ್-ಮೆನ್ '97 ಅನ್ನೋ ಸೂಪರ್‌ಹೀರೋ ಕಾರ್ಟೂನ್ ಸೀರೀಸ್‌ನ ಐದನೇ ಎಪಿಸೋಡ್, 'ರಿಮೆಂಬರ್ ಇಟ್'. ಗ್ಯಾಂಬಿಟ್ ಅದರ ಹೀರೋಗಳಲ್ಲೊಬ್ಬ. ನೋಡಿದವರಿಗೆ ನನ್ನ ಸಿಟ್ಟು ಗೊತ್ತಾಗಿರುತ್ತದೆ. ನೋಡದವರೇ, ಇಲ್ಲಿಂದ ಮುಂದೆ ಕತೆ ಪೂರ್ತಿ ಹೇಳಿಬಿಡುತ್ತೇನೆ, ಆಮೇಲೆ ಇನ್‌ಬಾಕ್ಸಿಗೆ ಬಂದು ಜಗಳ ಆಡಬೇಡಿ. 2024ರ ಏಪ್ರಿಲ್‌ನಲ್ಲಿ ಬಂದದ್ದು. ಇನ್ನೂ ನೋಡಿಲ್ಲ ಅಂದರೆ ತಪ್ಪು ನಿಮ್ಮದೇ.

ಜೆನೋಶಾ ಅಂತ ಒಂದು ದ್ವೀಪ. ಎಲ್ಲ ಕಡೆ ಒದೆ ತಿಂದ ಮ್ಯೂಟೆಂಟ್‌ಗಳು, ಅಂದರೆ ವಿಚಿತ್ರ ಶಕ್ತಿ ಹೊತ್ತು ಹುಟ್ಟಿದ ಜನ, ಕೊನೆಗೂ ಕಟ್ಟಿಕೊಂಡ ಸ್ವಂತ ದೇಶ. ವಿಶ್ವಸಂಸ್ಥೆಯೂ ಒಪ್ಪಿಕೊಂಡಿದೆ. ಊರೆಲ್ಲ ಹಬ್ಬ, ಕುಣಿತ, ದೀಪ. ಲೋಹವನ್ನೆಲ್ಲ ಆಡಿಸಬಲ್ಲ ಮ್ಯಾಗ್ನೆಟೋಗೆ ರಾಜ್ಯಭಾರ, ಪಕ್ಕದಲ್ಲಿ ರಾಣಿಯಾಗಿ ಎಕ್ಸ್-ಮೆನ್ ತಂಡದ ರೋಗ್ ಕೂರಲಿ ಅಂತ ಹಿರಿಯರ ಮಾತು. ರೋಗ್ ಯಾರನ್ನು ಬರಿಗೈಯಲ್ಲಿ ಮುಟ್ಟಿದರೂ ಅವರ ಶಕ್ತಿ, ಜೀವ ಎರಡೂ ಇವಳಿಗೆ ಹರಿದು ಬರುತ್ತದೆ. ಹಾಗಾಗಿ ಜನ್ಮವಿಡೀ ಗ್ಲೌಸ್. ಪ್ರೀತಿಸುವ ಗ್ಯಾಂಬಿಟ್‌ನ ಕೆನ್ನೆ ಮುಟ್ಟುವ ಹಾಗಿಲ್ಲ. ಮ್ಯಾಗ್ನೆಟೋನನ್ನು ಮುಟ್ಟಬಹುದು. ಅವನ ಜೊತೆ ಗಾಳಿಯಲ್ಲಿ ತೇಲಿಕೊಂಡು ಕುಣಿಯುತ್ತಾಳೆ, ಮುತ್ತೂ ಆಗುತ್ತದೆ, ಆಮೇಲೆ ಬೇಡ ಅನ್ನುತ್ತಾಳೆ. ಮುಟ್ಟಬಲ್ಲವನನ್ನು ಬಿಟ್ಟು, ಮುಟ್ಟಲಾಗದವನ ಕಡೆ ಅವಳ ಮನಸ್ಸು. ಆ ಮಾತಿನ ಬಿಸಿ ಆರುವ ಮೊದಲೇ ಮೂರು ತಲೆಯ ಸೆಂಟಿನೆಲ್, ಅಂದರೆ ಮ್ಯೂಟೆಂಟ್‌ಗಳನ್ನು ಬೇಟೆಯಾಡುವ ದೈತ್ಯ ರೋಬೋಟ್, ಬಂದು ಇಡೀ ಊರನ್ನು ಸುಡೋಕೆ ಶುರು ಮಾಡುತ್ತದೆ.

ಮ್ಯಾಗ್ನೆಟೋ ಲೀಚ್ ಅನ್ನೋ ಪುಟ್ಟ ಹುಡುಗನನ್ನು ಅವಚಿಕೊಂಡು ಜರ್ಮನ್ ಭಾಷೆಯಲ್ಲಿ ಹೆದರಬೇಡ ಅನ್ನುತ್ತಾನೆ. ನಾಜಿ ಕ್ಯಾಂಪಿನಲ್ಲಿ ಬದುಕುಳಿದು ಬಂದವನು ಅವನು. ಮತ್ತೆ ಅದೇ ಬೆಂಕಿ ನೋಡುತ್ತಿದ್ದಾನೆ. ಇದನ್ನು ಬರೆದವರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. (ಮುಖ್ಯ ಬರಹಗಾರನನ್ನು ಸೀರೀಸ್ ಶುರುವಾಗುವ ಕೆಲವೇ ದಿನ ಮೊದಲು ಕೆಲಸದಿಂದ ತೆಗೆದಿದ್ದರು. ಅದು ಬೇರೆ ಕತೆ.)

ಆಮೇಲೆ ಗ್ಯಾಂಬಿಟ್. ಸೆಂಟಿನೆಲ್‌ನ ಕೊಂಡಿ ಅವನ ಮೈಯನ್ನು ತಿವಿದು ಹಾಯುತ್ತದೆ. ಅವನು ನಗುತ್ತಾನೆ. ಯಾಕೆಂದರೆ ಗ್ಯಾಂಬಿಟ್ ಮುಟ್ಟಿದ್ದೆಲ್ಲ ಸ್ಫೋಟಕ, ಈಗ ಈ ರಾಕ್ಷಸ ತಾನಾಗಿಯೇ ಬಂದು ಅವನನ್ನು ಮುಟ್ಟಿದೆ. ಇಷ್ಟು ದಿನ ಇಸ್ಪೀಟ್ ಎಲೆಗೆ ತುಂಬುತ್ತಿದ್ದ ಬೆಂಕಿಯನ್ನು ಅದರೊಳಗೆ ತುಂಬಿ, ತನ್ನ ಹೆಸರು ಹೇಳಿ, ನೆನಪಿಟ್ಟುಕೋ ಅಂದು ಸಿಡಿಸಿಬಿಡುತ್ತಾನೆ. ಕೊನೆಗೆ ರೋಗ್ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಖ ಮುಟ್ಟುತ್ತಾಳೆ. ಏನೂ ಆಗುವುದಿಲ್ಲ. ನಿನ್ನ ಸ್ಪರ್ಶ ನನಗೆ ತಿಳೀತಿಲ್ಲ ಅನ್ನುತ್ತಾಳೆ. ಹರಿದು ಬರೋಕೆ ಒಳಗೆ ಜೀವ ಇರಬೇಕಲ್ಲ. ಮುಟ್ಟುವ ಭಾಗ್ಯ ಬಂದದ್ದೇ ಅವನು ಸತ್ತ ಮೇಲೆ.

ಈ ದನಿ ಲೆನೋರ್ ಜ಼ಾನ್ ಅವರದ್ದು. 90ರ ದಶಕದ ಹಳೇ ಸೀರೀಸ್‌ನಲ್ಲೂ ರೋಗ್‌ಗೆ ಇವರದ್ದೇ ದನಿ. ನಡುವೆ ಕೆನಡಾದಲ್ಲಿ ರಾಜಕೀಯಕ್ಕೆ ಹೋಗಿ ಎಂಪಿಯೂ ಆಗಿದ್ದರು. ನಮ್ಮ ಕಡೆ ನಟಿಯರು ಎಂಪಿ ಆದರೆ ಮತ್ತೆ ಮೈಕ್ ಮುಂದೆ ನಿಂತು ಹೀಗೆ ಅಳಿಸುತ್ತಾರಾ ಗೊತ್ತಿಲ್ಲ, ಇರಲಿ.

ಈಗ ಹೇಳಿ. ಇಷ್ಟೆಲ್ಲ ನೋಡಿ "ವಾಪಸ್ ಬರ್ತಾನೆ" ಅಂದರೆ ಸಿಟ್ಟು ಬರುತ್ತೋ ಇಲ್ವೋ?

ಹುಡುಗನ ಮೇಲೆ ಅಲ್ಲ ಸಿಟ್ಟು. ಅವನಿಗೆ ಹಾಗೆ ಕಲಿಸಿದವರ ಮೇಲೆ. ಕಾಮಿಕ್ಸ್‌ನಲ್ಲಿ ಎಕ್ಸ್-ಮೆನ್ ತಂಡದ ಜೀನ್ ಗ್ರೇ 1980ರಲ್ಲಿ ಸತ್ತಳು, 1986ರಲ್ಲಿ ಎದ್ದು ಬಂದಳು. ಸೂಪರ್‌ಮ್ಯಾನ್ 1992ರಲ್ಲಿ ಸತ್ತಾಗ ಅಮೆರಿಕದ ಪೇಪರ್‌ಗಳಲ್ಲೆಲ್ಲ ಸುದ್ದಿ, ಮುಂದಿನ ವರ್ಷವೇ ಹಾಜರ್. ಈ ಸೀರೀಸ್‌ನಲ್ಲೇ ನೋಡಿ. ಅಷ್ಟು ಚೆಂದ ಸತ್ತ ಮ್ಯಾಗ್ನೆಟೋ ಎರಡು ಎಪಿಸೋಡ್ ಬಿಟ್ಟು ಬದುಕಿದ್ದಾನೆ ಅಂತ ತೋರಿಸುತ್ತಾರೆ. ಇನ್ನು ಸೀಸನ್ನಿನ ಕೊನೇ ಎಪಿಸೋಡ್‌ನಲ್ಲಿ, ಹೆಸರುಗಳು ಓಡುವ ಹೊತ್ತಿಗೆ, ಅಪಾಕಲಿಪ್ಸ್ ಅನ್ನೋ ಖಳ ಮಹಾಶಯ ಜೆನೋಶಾದ ಹಾಳು ಊರಲ್ಲಿ ನಿಂತು ಗ್ಯಾಂಬಿಟ್‌ನ ಸುಟ್ಟ ಇಸ್ಪೀಟ್ ಎಲೆ ಎತ್ತಿಕೊಳ್ಳುತ್ತಾನೆ. ಕಾಮಿಕ್ಸ್‌ನಲ್ಲಿ 2006ರಲ್ಲೇ ಇವನು ಗ್ಯಾಂಬಿಟ್‌ನನ್ನು ತನ್ನ ಬಂಟನನ್ನಾಗಿ ಮಾಡಿಕೊಂಡಿದ್ದ. ಇನ್ನೇನು ಬೇಕು, ಅಭಿಮಾನಿಗಳೆಲ್ಲ ಸಂಭ್ರಮಪಟ್ಟಿದ್ದೇ ಪಟ್ಟಿದ್ದು. ಬರ್ತಾನೆ, ಬರ್ತಾನೆ! ಅಯ್ಯೋ, ಬರೋದು ಯಾಕೆ ಮಾರಾಯ್ರೇ? ಹೋದವನು ಇಷ್ಟು ಒಳ್ಳೆಯದಾಗಿ ಹೋಗಿದ್ದಾನಲ್ಲ?

ನಮ್ಮ ಅಜ್ಜಿ ಹೊಸನಗರದ ಕಡೆಯವರು. ಯಕ್ಷಗಾನದ ಹುಚ್ಚು ಅಂದರೆ ಹುಚ್ಚು. ಅಭಿಮನ್ಯು ಕಾಳಗ ಅಂತ ಗೊತ್ತಾದರೆ ಕಂಬಳಿ ಹೊದ್ದುಕೊಂಡು ಬೆಳಗಿನವರೆಗೆ ಕೂರುತ್ತಿದ್ದರು. ಚಕ್ರವ್ಯೂಹದೊಳಗೆ ಹೋಗುವ ಹುಡುಗ ಹೊರಗೆ ಬರುವುದಿಲ್ಲ ಅಂತ ಅಜ್ಜಿಗೆ ಗೊತ್ತು, ಭಾಗವತರಿಗೆ ಗೊತ್ತು, ಹೊರಗೆ ಮಂಡಕ್ಕಿ ಮಾರುವವನಿಗೂ ಗೊತ್ತು. ಆದರೂ ಪ್ರತಿ ಸಲ ಅಳು. ಆ ವೇಷ ಮಾಡಿದವರು ಮರುದಿನ ಬೇರೆ ಊರಲ್ಲಿ ಬಣ್ಣ ಹಚ್ಚಿಕೊಂಡು ಕುಣಿಯುತ್ತಾರೆ, ಅದೂ ಗೊತ್ತು. ಆದರೆ ಅಭಿಮನ್ಯು ಮುಂದಿನ ವರ್ಷ ಬದುಕಿ ಬರಲಿ ಅಂತ ಯಾವ ಅಜ್ಜಿಯೂ ಮೇಳದ ಯಜಮಾನರಿಗೆ ಅರ್ಜಿ ಹಾಕಿದ್ದು ನಾನು ಕೇಳಿಲ್ಲ. ಅವನು ಎದ್ದು ಬಂದರೆ ಅರ್ಜುನನ ಪ್ರತಿಜ್ಞೆಗೆ ಏನು ಬೆಲೆ? ಸುಭದ್ರೆಯ ಗೋಳಿಗೆ ಏನು ಬೆಲೆ? ಚಂಡೆ ಹೊಡೆದದ್ದೂ ದಂಡ.

ನನ್ನ ಕಾಲೇಜಿನ ಗೆಳತಿ ಒಬ್ಬಳು (ನೀನೇ ಕಣೇ, ಓದ್ತಿದ್ದೀಯ ಅಂತ ಗೊತ್ತು) ಫೋನಿನಲ್ಲಿ ವಾದ ಮಾಡಿದಳು. ಹಳೇ ಸೀರೀಸ್‌ನಲ್ಲಿ ಎಕ್ಸ್-ಮೆನ್ ತಂಡದವನೇ ಆದ ಮಾರ್ಫ್ ಸತ್ತು ಬರಲಿಲ್ಲವಾ, ಆಗ ನೀನೇ ಕುಣಿದಾಡಿದ್ದೆಯಲ್ಲ, ಅಂತ. ಸರಿ, ಬಂದ. 1992ರ ಮೊದಲ ಕತೆಯಲ್ಲೇ ಸತ್ತವನು ಎರಡನೇ ಸೀಸನ್ನಿಗೆ ಬಂದ. ಆದರೆ ಹೇಗೆ ಬಂದ? ಅರ್ಧ ಹುಚ್ಚನಾಗಿ, ತನ್ನನ್ನು ಬಿಟ್ಟು ಓಡಿದವರ ಮೇಲೆ ಹಗೆ ಇಟ್ಟುಕೊಂಡು ಬಂದ. ವಾಪಸ್ ಬಂದಿದ್ದಕ್ಕೆ ಅವನೂ ಬೆಲೆ ಕೊಟ್ಟ, ಉಳಿದವರೂ ಕೊಟ್ಟರು. ಅದು ಬೇರೆ. ಇದು ಬೇರೆ. ಯಾಕೆ ಬೇರೆ ಅಂದರೆ ನನಗೆ ಬೇರೆ ಅನ್ನಿಸುತ್ತದೆ, ಅಷ್ಟೇ, ನನ್ನ ಗೋಡೆ ಇದು.

ಅಕ್ಕನದ್ದು ಇನ್ನೊಂದು ತಕರಾರು. ಮಕ್ಕಳ ಕಾರ್ಟೂನ್‌ನಲ್ಲಿ ಇಷ್ಟು ಹೆಣ ಯಾಕೆ ಅಂತ. ಅಕ್ಕಾ, ನಿನ್ನ ಮಗನಿಗೆ ಮೀಸೆ ಬಂದಿದೆ.

ಹೆಣ ಅಂದದ್ದಕ್ಕೆ ನೆನಪಾಯಿತು. 2001ರ ಕಾಮಿಕ್ಸ್‌ನಲ್ಲಿ ಜೆನೋಶಾದ ಮೇಲೆ ನಡೆದ ದಾಳಿಯಲ್ಲಿ 1.6 ಕೋಟಿ ಮ್ಯೂಟೆಂಟ್‌ಗಳು ಸಾಯುತ್ತಾರೆ. ಅಷ್ಟು ಜನರಲ್ಲಿ ಯಾರು ವಾಪಸ್ ಬರಬೇಕು ಅಂತ ತೀರ್ಮಾನ ಮಾಡುವುದು ಯಾರು? ಪೋಸ್ಟರ್ ಮೇಲೆ ಮುಖ ಇದ್ದವನು ಬರುತ್ತಾನೆ. ಕೆಂಪು ಕಣ್ಣು, ಉದ್ದ ಕೋಟು, ಆಟಿಕೆ ಮಾಡಿದರೆ ಮಾರಾಟವಾಗುವವನು ಬರುತ್ತಾನೆ. ಹಬ್ಬದಲ್ಲಿ ಹಿಂದೆ ನಿಂತು ಕುಣಿದ, ಹೆಸರೇ ಇಲ್ಲದ ಜನ ಬರುವುದಿಲ್ಲ. ಅವರು ನಿಜವಾಗಿಯೇ ಸತ್ತರು. ಗ್ಯಾಂಬಿಟ್ ಅವರ ಜೊತೆ ಸತ್ತ ಅನ್ನೋದೇ ಆ ಎಪಿಸೋಡಿನ ತೂಕ. ಅವನೊಬ್ಬನನ್ನು ಎಬ್ಬಿಸಿದರೆ ಉಳಿದವರು ಬರೀ ಹಿನ್ನೆಲೆಯ ಚಿತ್ರ ಆಗಿಬಿಡುತ್ತಾರೆ.

ಇನ್ನೊಂದು ಹೇಳಿಬಿಡುತ್ತೇನೆ, ನಗಬೇಡಿ. ದೊಡ್ಡಪ್ಪ ಹೋದಾಗ ನಾನು ಅತ್ತಿರಲಿಲ್ಲ. ಎತ್ತಿ ಆಡಿಸಿದವರು. ಹದಿಮೂರು ದಿನ ಮನೆ ತುಂಬ ನೆಂಟರು, ಕಾಫಿ ಸೋಸಿದ್ದು, ಬಾಳೆಲೆ ಹಾಸಿದ್ದು, ಯಾರು ಯಾವ ಬಸ್ಸಿಗೆ ಹೋಗ್ತಾರೆ ಅಂತ ವಿಚಾರಿಸಿದ್ದು. ಅಳೋಕೆ ಪುರುಸೊತ್ತೇ ಸಿಗಲಿಲ್ಲ. ಗಟ್ಟಿಗಿತ್ತಿ ಅಂತ ಹೊಗಳಿದರು. ಆಮೇಲೆ ಒಂದು ರಾತ್ರಿ ಒಬ್ಬಳೇ ಕೂತು ಈ ಎಪಿಸೋಡ್ ನೋಡುವಾಗ, ರೋಗ್ ಗ್ಲೌಸಿಲ್ಲದ ಕೈಯಲ್ಲಿ ಅವನ ಕೆನ್ನೆ ಸವರಿದಳು ನೋಡಿ, ಅಲ್ಲಿ ಎಲ್ಲ ಒಟ್ಟಿಗೇ ಬಂತು. ಯಾರೋ ಬಿಡಿಸಿದ ಚಿತ್ರ, ಯಾರದೋ ದನಿ, ನಮ್ಮ ಊರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬಂತು. ಈಗ ಇವರು ಅವನನ್ನು ಎಬ್ಬಿಸಿ, ಸುಮ್ನೆ ಅತ್ತೆ ಕಣಮ್ಮ ಅಂದರೆ ನಾನು ಏನು ಮಾಡಬೇಕು?

ಹುಡುಗನಿಗೆ ಇದೆಲ್ಲ ಹೇಳಲಿಲ್ಲ. "ಬರಲ್ಲ ಕಣೋ" ಅಂದೆ. "ಬೆಟ್ ಕಟ್ಟು" ಅಂದ. ಐನೂರು ರೂಪಾಯಿಗೆ ಕಟ್ಟಿದ್ದೇನೆ. ಸೋಲುತ್ತೇನೆ ಅಂತ ನನಗೂ ಗೊತ್ತು, ಆ ಇಸ್ಪೀಟ್ ಎಲೆ ಸುಮ್ಮನೆ ತೋರಿಸಿರುವುದಿಲ್ಲ. ನಾಳೆ ಏಳನೇ ಎಪಿಸೋಡ್ ಹಾಕುತ್ತೇನೆ, ಗ್ಯಾಂಬಿಟ್‌ನ ಅಂತ್ಯಕ್ರಿಯೆ ಇರುವುದು ಅದರಲ್ಲೇ. ಅದನ್ನು ಓಡಿಸಿ ಫೈಟಿಗೆ ಹೋಗೋಣ ಅಂತ ಈಗಲೇ ಪೀಡಿಸುತ್ತಿದ್ದಾನೆ. ರಿಮೋಟ್ ಮಾತ್ರ ಅವನ ಕೈಗೆ ಕೊಡುವುದಿಲ್ಲ.