ಎಂಟು ಪಿಕ್ಸೆಲ್ ಚೌಕದಲ್ಲಿ ಕನ್ನಡ

ನಾನಿರುವ ಕ್ಯೋಟೊದಲ್ಲಿ 2013ರಿಂದ ಬಿಟ್‌ಸಮಿಟ್ ಎಂಬ ಮೇಳ ನಡೆಯುತ್ತಿದೆ. ಸ್ವಂತವಾಗಿ ಗೇಮ್ ಕಟ್ಟುವವರು ತಮ್ಮ ಕೆಲಸ ತಂದು ಮೇಜಿನ ಮೇಲಿಡುತ್ತಾರೆ. ಎಷ್ಟೋ ಗೇಮ್‌ಗಳು ಇನ್ನೂ ಅರ್ಧ ದಾರಿಯಲ್ಲಿರುತ್ತವೆ. ಆದರೆ ಜಪಾನಿಗರ ಅರ್ಧವಾದ ಗೇಮಿನಲ್ಲೂ ಮಾತುಗಳು ಮಾತ್ರ ಮೊದಲ ದಿನದಿಂದಲೇ ಜಪಾನಿ ಭಾಷೆಯಲ್ಲಿರುತ್ತವೆ. ನಮ್ಮ ಕಡೆ ಹೀಗಿಲ್ಲ. ಬೆಂಗಳೂರಿನ ಗೆಳೆಯರು ಹೇಳುವುದು ಒಂದೇ ಮಾತು: "ಮೊದಲು ಇಂಗ್ಲಿಷಲ್ಲಿ ಮುಗಿಸು, ಕನ್ನಡ ಆಮೇಲೆ ನೋಡಿದರಾಯ್ತು." ನನಗೆ ಇದು ಒಪ್ಪಿಗೆಯಿಲ್ಲ.

ಕೋಲಾರದ ಗೆಳೆಯನೊಬ್ಬನ ಜೊತೆ ಸೇರಿ ರೆಟ್ರೊ, ಅಂದರೆ ಹಳೆಯ ಟಿವಿ ಗೇಮ್‌ಗಳ ಶೈಲಿಯ ಗೇಮ್ ಒಂದನ್ನು ಮಾಡುತ್ತಿದ್ದೇನೆ. ಕೋಡ್ ನನ್ನದು, ಚಿತ್ರ ಅವನದು. ನೀರಗಂಟಿಯ ಮಗಳೊಬ್ಬಳು ಕೆರೆಯಿಂದ ಕೆರೆಗೆ ನೀರು ಹಾಯಿಸುತ್ತಾ ಸಾಗುವ ಕಥೆ. ಮೊದಲ ಕೆರೆ ಆಡುವ ಮಟ್ಟಕ್ಕೆ ಬಂದಿದೆ. ಸಂಗೀತ ಇನ್ನೂ ಶುರುವಾಗಿಲ್ಲ. ಜಾಸ್ತಿ ಸಮಯ ಹಿಡಿದಿದ್ದು ಅಕ್ಷರಗಳಿಗೆ.

ಕಾರಣ ಇದು. 1983ರಲ್ಲಿ ನಿಂಟೆಂಡೊ ತಂದ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರದ ಚಿತ್ರ 256 ಪಿಕ್ಸೆಲ್ (ಪರದೆಯ ಚುಕ್ಕೆ) ಅಗಲ, 240 ಪಿಕ್ಸೆಲ್ ಎತ್ತರ. ನಮ್ಮೂರುಗಳಲ್ಲಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ಎಷ್ಟೋ ಟಿವಿ ಗೇಮ್‌ಗಳು ಇದರ ನಕಲುಗಳೇ. ಫ್ಯಾಮಿಕಾಮ್‌ನಲ್ಲಿ ಎಲ್ಲವೂ 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಚೌಕಗಳು. ಇಂಗ್ಲಿಷ್ ಅಕ್ಷರ ಅದರಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಕನ್ನಡದ ದ, ಧ, ಥ ಮೂರೂ ಒಂದೇ ರೀತಿ ಕಾಣುತ್ತವೆ. ಒತ್ತಿಗಂತೂ ಜಾಗವೇ ಇಲ್ಲ. ಹಿನ್ನೆಲೆಗೆ ಒಂದು ಸಲಕ್ಕೆ ಸಿಗುತ್ತಿದ್ದುದು 256 ಬೇರೆ ಬೇರೆ ಚೌಕಗಳ ಗುಂಪು, ಅಕ್ಷರಗಳೂ ಅದರೊಳಗೇ. ನಮ್ಮ ಕಾಗುಣಿತವನ್ನು ಪೂರ್ತಿ ಇಟ್ಟರೆ ಒತ್ತು ಸೇರಿಸುವ ಮೊದಲೇ 400 ದಾಟುತ್ತದೆ.

ಜಪಾನಿಗರಿಗೂ ಇದೇ ಕಷ್ಟ ಇತ್ತು. ಚೀನಾದಿಂದ ಬಂದ ಸಾವಿರಾರು ಕಾಂಜಿ ಅಕ್ಷರಗಳನ್ನು ತುಂಬಲು ಆಗುವಂತಿರಲಿಲ್ಲ. ಹಾಗಂತ ಇಂಗ್ಲಿಷಿಗೆ ಹೋಗಲಿಲ್ಲ, ಉಚ್ಚಾರವನ್ನಷ್ಟೇ ಬರೆಯುವ ತಮ್ಮ ಕಾನಾ ಲಿಪಿಯಲ್ಲೇ ಬರೆದರು. 'ಕ'ವನ್ನು 'ಗ' ಮಾಡುವ ಎರಡು ಪುಟ್ಟ ಗೆರೆಗಳು ಚೌಕದೊಳಗೆ ಹಿಡಿಸಲಿಲ್ಲ. ಅವನ್ನು ಮೇಲಿನ ಸಾಲಿನ ಖಾಲಿ ಚೌಕದಲ್ಲಿ ಇಟ್ಟರು. 1986ರ ಡ್ರ್ಯಾಗನ್ ಕ್ವೆಸ್ಟ್ ಇಡೀ ಗೇಮ್ 64 ಕಿಲೋಬೈಟ್. ಕಾನಾದ ಒಂದು ಬಗೆಯಾದ ಕಟಕಾನಾ ಅಕ್ಷರಗಳಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡು, ಅವುಗಳಲ್ಲಿ ಬರೆಯಲು ಬರುವ ಹೆಸರುಗಳನ್ನೇ ರಾಕ್ಷಸರಿಗೆ ಕೊಟ್ಟರು. ಎಂಥ ಹಟ ನೋಡಿ!

ಅವರು ಮೇಲಿನ ಸಾಲು ಬಳಸಿದರೆ ನಾವು ಕೆಳಗಿನ ಸಾಲು ಬಳಸಬಹುದು, ಅಲ್ವಾ? ಹಾಗೇ ಮಾಡಿದ್ದೇವೆ. ಅಕ್ಷರಕ್ಕೆ ಒಂದು ಸಾಲು, ಒತ್ತಿಗೆ ಅದರ ಕೆಳಗೆ ಇನ್ನೊಂದು. ಒತ್ತುಗಳು ಬೇರೆ ತುಂಡುಗಳು, ಯಾವ ಅಕ್ಷರದ ಕೆಳಗಾದರೂ ಸೇರಿಕೊಳ್ಳುತ್ತವೆ. ಕನ್ನಡಕ್ಕೆ ಇದು ಹೊಸದೂ ಅಲ್ಲ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದಾಗ ಇಡೀ ಕಾಗುಣಿತವನ್ನು ಕೆಲವೇ ಕೀಲಿಗಳಿಗೆ ಇಳಿಸಿದ್ದರು.

ಈಗಿನ ಕಂಪ್ಯೂಟರಿಗೆ ಈ ಮಿತಿ ಯಾವುದೂ ಇಲ್ಲ, ನಿಜ. ರೆಟ್ರೊ ಅನ್ನುವುದೇ ನಾವಾಗಿ ಹಾಕಿಕೊಳ್ಳುವ ಕಟ್ಟು. 2014ರ ಶೋವೆಲ್ ನೈಟ್ ಎಂಬ ಗೇಮ್ ಕೂಡ ಹಳೆಯ ನೋಟ ಉಳಿಸಿಕೊಂಡು, ಬೇಕಾದ ಕಡೆ ಒಂದೆರಡು ಬಣ್ಣ ಹೆಚ್ಚಿಗೆ ತೆಗೆದುಕೊಂಡಿತು. ಆದರೆ ಪಿಕ್ಸೆಲ್ ಚಿತ್ರದ ಮೇಲೆ ನುಣುಪಾದ ಕನ್ನಡ ಫಾಂಟ್ ತಂದು ಅಂಟಿಸಿದರೆ ಅದು ಹೊರಗಿನದಾಗಿಯೇ ಕಾಣುತ್ತದೆ. ಇನ್ನು ಪರದೆಯ ಮೇಲೆ ಮಾತು ತೋರಿಸಲು ಇಂಗ್ಲಿಷಿನ ಅಳತೆಗೆ ಮಾಡಿದ ಪೆಟ್ಟಿಗೆಯಲ್ಲಿ ಕನ್ನಡ ಆಮೇಲೂ ಹಿಡಿಸುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಹಿಡಿಸುವುದು ಎರಡೇ ಸಾಲು ಮಾತು. ಹಾಗಾಗಿ ಮಾತು ತಾನಾಗಿ ಬಿಗಿಯಾಯಿತು: "ತೂಬು ಎತ್ತು, ಗದ್ದೆ ಒಣಗ್ತಿದೆ." ಉದ್ದದ ವಿವರಣೆಗಿಂತ ಇದೇ ನನಗೆ ಇಷ್ಟ.

ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆ 2012ರಲ್ಲೇ ನೀತಿ ತಂದ ರಾಜ್ಯ ನಮ್ಮದು. ಹೊರದೇಶದ ದೊಡ್ಡ ಗೇಮ್‌ಗಳಿಗೆ ಚಿತ್ರ ಬರೆದುಕೊಡುವ ಪಳಗಿದ ಕೈಗಳು ಬೆಂಗಳೂರಿನಲ್ಲಿವೆ. ಆ ಕೈಗಳಿಂದ ನಾಲ್ಕೈದು ಒಳ್ಳೆಯ ಕನ್ನಡ ಪಿಕ್ಸೆಲ್ ಫಾಂಟ್ ಮಾಡಿಸಿ ಎಲ್ಲರಿಗೂ ಉಚಿತವಾಗಿ ಕೊಡಲು ಸರ್ಕಾರಕ್ಕೆ ಎಷ್ಟು ಖರ್ಚಾದೀತು? ಇದನ್ನು ಮಾಡಲೇಬೇಕು.

ನಮ್ಮ ಫಾಂಟಿನಲ್ಲಿ ಈಗ ಉಳಿದಿರುವುದು ಅರ್ಕಾವೊತ್ತು, ಮತ್ತೆ 'ಸ್ತ್ರ', 'ಷ್ಟ್ರ'ದಂಥ ಎರಡು ಒತ್ತಿನ ಅಕ್ಷರಗಳು. ಅವು ಮುಗಿದ ಕೂಡಲೇ ಯಾರು ಬೇಕಾದರೂ ಬಳಸುವಂತೆ ಫೈಲನ್ನು ಬಿಟ್ಟುಕೊಡುತ್ತೇವೆ. ಎರಡನೇ ಕೆರೆಯ ಕೆಲಸ ಆಮೇಲೆ.